ಭೇಟಿ ಮಗುವಿನ ಪಾಲು



ಈ ದತ್ತಿ ಉಪನ್ಯಾಸದಲ್ಲಿ ಮಕ್ಕಳ ಹಕ್ಕುಗಳ ಬಗ್ಗೆ ಒಟ್ಟಾರೆಯಾಗಿ ಮಾತಾಡಿ ಎಂದು ಸಂಘಟಕರು ಕೇಳಿದ್ದರು. ನಾನು ಒಂದೇ ಒಂದು ಗಂಟೆಯ ಬಗ್ಗೆ ಮಾತಾಡುತ್ತೇನೆಂದು ಅವರ ಅಪ್ಪಣೆ ಪಡೆದೆ. ಹೆತ್ತವರ ಮನೆಯಲ್ಲಿ ಇರಲಾಗದೆ ಬೇರೆ ಕುಟುಂಬದಲ್ಲಿ ಬೆಳೆಯುತ್ತಿರುವ ಮಗು ತನ್ನ ಅವ್ವನನ್ನೋ ಅಪ್ಪನನ್ನೋ ನೋಡುವ ಗಂಟೆ ಅದು. ಆ ಹೊತ್ತಿನಲ್ಲಿ ಕೋಣೆಯೊಳಗೆ ಮೂರನೆಯವರೊಬ್ಬರು ಕೂತಿರುತ್ತಾರೆ. ಕಡತದಲ್ಲಿ ಅವರ ಕೆಲಸಕ್ಕೆ ಮೇಲ್ವಿಚಾರಣೆ ಎಂದು ಹೆಸರು. ಅವರು ಅಲ್ಲಿ ಹೇಗೆ ಕೂರುತ್ತಾರೆ, ಏನು ಕೇಳಿಸಿಕೊಳ್ಳುತ್ತಾರೆ, ಸಂಜೆ ಕಾಗದದ ಮೇಲೆ ಏನು ಬರೆಯುತ್ತಾರೆ ಎಂಬುದರ ಮೇಲೆ ಒಂದು ಮಗು ಮನೆಗೆ ಮರಳುವುದೋ ಇಲ್ಲವೋ ನಿಂತಿರುತ್ತದೆ. ಇಷ್ಟು ದೊಡ್ಡ ಕೆಲಸವನ್ನು ನಾವು ಅತಿ ಕಿರಿಯ ಸಿಬ್ಬಂದಿಯ ಕೈಗೆ, ಅತಿ ಕಡಿಮೆ ತರಬೇತಿ ಕೊಟ್ಟು ಒಪ್ಪಿಸುತ್ತೇವೆ.

ಮಗು ಹೀಗೆ ಬೇರೆ ಕುಟುಂಬದಲ್ಲಿ ಬೆಳೆಯುವ ಏರ್ಪಾಡಾದ ಫಾಸ್ಟರ್ ಕೇರನ್ನು ನಮ್ಮ ಸರ್ಕಾರ ಪೋಷಕತ್ವ ಎನ್ನುತ್ತದೆ. ಬಹಳ ಜನ ಇದನ್ನು ದತ್ತಕದ ಜೊತೆ ಕಲಸಿಬಿಡುತ್ತಾರೆ. ದತ್ತು ಕೊಟ್ಟ ಮೇಲೆ ಹೆತ್ತವರ ಕಾನೂನು ಸಂಬಂಧ ಅಲ್ಲಿಗೆ ಮುಗಿಯಿತು. ಪೋಷಕತ್ವದಲ್ಲಿ ಅದು ಮುಗಿಯುವುದಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಮಗು ಕೆಲಕಾಲವೋ ಹಲವು ವರ್ಷವೋ ಇನ್ನೊಂದು ಮನೆಯಲ್ಲಿರುತ್ತದೆ. ಸಾಕುವ ಕುಟುಂಬಕ್ಕೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4000 ರೂಪಾಯಿ ಬರುತ್ತದೆ. ಹೆತ್ತವರ ಸ್ಥಿತಿ ಸುಧಾರಿಸಿದರೆ ಮಗು ಮರಳುತ್ತದೆ. ನಾನು ಇವತ್ತು ಈ ಎರಡು ಮನೆಗಳನ್ನು ಹೆತ್ತ ಮನೆ, ಸಾಕು ಮನೆ ಎಂದೇ ಕರೆಯುತ್ತೇನೆ. ‘ಪೋಷಕರು’ ಎಂದರೆ ಶಾಲೆಯ ಸಭೆ ನೆನಪಾಗಿ ಯಾರು ಯಾರೆಂದು ಗೊಂದಲವಾಗುತ್ತದೆ.

2015ರ ಬಾಲನ್ಯಾಯ ಕಾಯ್ದೆ ಜಾರಿಗೆ ಬಂದದ್ದು 2016ರ ಜನವರಿ 15ರಂದು. ಅದರ 44ನೇ ಕಲಮಿನ ಐದನೇ ಉಪಕಲಂ ಇವತ್ತಿನ ನನ್ನ ಮಾತಿಗೆಲ್ಲ ಆಧಾರ. ಹೆತ್ತವರು ಅನರ್ಹರು ಅಥವಾ ಅಸಮರ್ಥರು ಎಂದು ಸಮಿತಿ ಕಂಡುಕೊಂಡು ಮಗುವನ್ನು ಸಾಕು ಮನೆಯಲ್ಲಿಟ್ಟಿದ್ದರೂ ಅವರು ನಿಯತವಾಗಿ ಬಂದು ಮಗುವನ್ನು ನೋಡಬಹುದು. ಭೇಟಿ ಮಗುವಿನ ಹಿತಕ್ಕೆ ಒಗ್ಗುವುದಿಲ್ಲ ಎಂದು ಸಮಿತಿಗೆ ಅನಿಸಿದರೆ ಅದಕ್ಕೆ ಕಾರಣ ಬರೆದಿಡಬೇಕು. ಹೆತ್ತವರು ಸಮರ್ಥರೆಂದು ಕಂಡ ಮೇಲೆ ಮಗು ಮನೆಗೆ ಹೋಗಬಹುದು. ಇಷ್ಟನ್ನೂ ಶಾಸನ ಒಂದೇ ವಾಕ್ಯದಲ್ಲಿ ಹೇಳುತ್ತದೆ. ಆ ವಾಕ್ಯದಲ್ಲಿ ಭೇಟಿಯೇ ಸಹಜ ಸ್ಥಿತಿ. ನಿಲ್ಲಿಸುವವರು ಕಾರಣ ಕೊಡಬೇಕು. ಬಳಕೆಯಲ್ಲಿ ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ತಾಯಿ ಅರ್ಜಿ ಕೊಡಬೇಕು, ಕಾರಣ ಹೇಳಬೇಕು, ಕಾಯಬೇಕು; ನಾವು ದಯೆ ತೋರಿಸಿ ಒಂದು ದಿನ ಗೊತ್ತು ಮಾಡುತ್ತೇವೆ. ಆಕೆ ಕುಡಿದು ಬಂದಿದ್ದಳೆಂದೋ, ಸಿಬ್ಬಂದಿಯ ಮೇಲೆ ಕೂಗಾಡಿದಳೆಂದೋ ಮುಂದಿನ ತಿಂಗಳ ಭೇಟಿ ರದ್ದು. ಕೂಗಾಡಿದ್ದು ತಾಯಿ, ಕಳೆದುಕೊಂಡದ್ದು ಮಗು. ಕುಡಿದು ಬಂದವರನ್ನು ಆ ದಿನ ಒಳಗೆ ಬಿಡಬಾರದು, ಒಪ್ಪುತ್ತೇನೆ. ಆದರೆ ನಾಳೆಗೋ ನಾಳಿದ್ದಿಗೋ ಇನ್ನೊಂದು ದಿನ ಕೊಡಬೇಕು. ಶಿಸ್ತು ಕಲಿಸಲು ಮಗುವಿನ ಪಾಲನ್ನು ಮುಟ್ಟುಗೋಲು ಹಾಕಿಕೊಳ್ಳುವ ಹಕ್ಕು ನಮಗಿಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ ಇದನ್ನು ಸ್ಪಷ್ಟವಾಗಿ ಮಗುವಿನ ಹಕ್ಕೆಂದೇ ಬರೆದಿದೆ, ಭಾರತ ಅದನ್ನು 1992ರಲ್ಲೇ ಒಪ್ಪಿದೆ.

ಒಂದು ಭೇಟಿಯನ್ನು ಹತ್ತಿರದಿಂದ ತೋರಿಸುತ್ತೇನೆ. ಊರು, ಹೆಸರು, ವರ್ಷ ಹೇಳುವುದಿಲ್ಲ. ಮಗುವಿನ ಗುರುತು ಬಯಲು ಮಾಡಬಾರದೆಂದು ಕಾಯ್ದೆಯ 74ನೇ ಕಲಂ ಹೇಳುತ್ತದೆ. ಅದು ಹೇಳದಿದ್ದರೂ ನಾನು ಹೇಳುತ್ತಿರಲಿಲ್ಲ.

ಎಂಟು ವರ್ಷದ ಹುಡುಗಿ. ತಾಯಿ ಬೆಳಗಾವಿ ಜಿಲ್ಲೆಯ ಖಾನಾಪುರದ ಪಶ್ಚಿಮಕ್ಕೆ, ಕಾಡಂಚಿನ ಒಂದು ಊರಿನವಳು. ಕ್ಷಯ ಬಂದು ತಿಂಗಳುಗಟ್ಟಲೆ ಮಲಗಿದ್ದಳು, ಗೋವಾಕ್ಕೆ ದುಡಿಯಲು ಹೋದ ಗಂಡ ತಿರುಗಿ ಬಂದಿರಲಿಲ್ಲ. ಮಗು ಬೆಳಗಾವಿಯ ಒಂದು ಸಾಕು ಮನೆಯಲ್ಲಿತ್ತು. ಸಾಕುತಾಯಿಯನ್ನು ಅದು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ಶಾಲೆ ಶುರುವಾಗುವ ಮುಂಚಿನ ವಾರ ಭೇಟಿ. ತಾಯಿ ಬಂದಳು, ಕೈಯಲ್ಲಿ ಮುತ್ತಲ ಎಲೆಯ ಪೊಟ್ಟಣ, ಅದರ ತುಂಬ ಕವಳಿ ಹಣ್ಣು. ಮಗಳನ್ನು ನೋಡಿದವಳು ಬಾಗಿಲಲ್ಲೇ ನಿಂತಳು. ಬೆನ್ನ ತುಂಬ ಇದ್ದ ಜಡೆ ಇರಲಿಲ್ಲ. ಕೂದಲನ್ನು ಕಿವಿಯವರೆಗೆ ಕತ್ತರಿಸಿದ್ದರು.

ತಾಯಿ ಚಾಪೆಯ ಮೇಲೆ ಕೂತಳು, ಮಾತಾಡಲಿಲ್ಲ. ಮಗು ತೊಡೆಯ ಮೇಲೆ ಕೂತಿತು, ಅದೂ ಮಾತಾಡಲಿಲ್ಲ. ತಾಯಿಯ ಕೈ ಮಾತ್ರ ಮಗಳ ಕುತ್ತಿಗೆಯ ಹಿಂದೆ ಹೋಗಿ, ಇಲ್ಲದ ಜಡೆಯನ್ನು ಹುಡುಕಿ, ಮತ್ತೆ ಮೇಲೆ ಬರುತ್ತಿತ್ತು. ಹೀಗೇ ಹತ್ತು ನಿಮಿಷ ಕಳೆಯಿತು. ಕೊನೆಗೆ, “ಕಾತ್ರಿ ಹಾಕೂದಕ್ಕ ನನ್ನ ಒಂದು ಮಾತು ಕೇಳಬಾರದೇನ್ರಿ?” ಎಂದಳು, ಯಾರ ಮುಖವನ್ನೂ ನೋಡದೆ.

ಮೂಲೆಯ ಕುರ್ಚಿಯಲ್ಲಿದ್ದ ಕಾರ್ಯಕರ್ತೆ ತೀರ ಎಳೆಯ ಹುಡುಗಿ. ಅವಳು ಕಡತ ಕೆಳಗಿಟ್ಟು ಹೊರಗೆ ಹೋದಳು. ಜಗಲಿಯಲ್ಲಿ ಕೂತಿದ್ದ ಸಾಕುತಾಯಿಗೆ, “ಅಕ್ಕಾರ, ಒಂದೀಟು ಒಳಗ ಬರ್ರಿ. ಕೂದಲಾ ಯಾಕ ಕತ್ತರಿಸಿದ್ರಿ ಅನ್ನೂದನ್ನ ನೀವಾ ಹೇಳ್ರಿ” ಎಂದಳು. ಸಾಕುತಾಯಿ ಬಂದು ಎದುರು ಕೂತಳು. “ಹೇನು ಬಾಳ ಆಗಿದ್ವು ಅಕ್ಕಾ. ಸಾಲಿ ಚಾಲೂ ಆಗೂದಿತ್ತು, ಹುಡುಗೂರು ಕಾಡಸ್ತಾರಂತ ಕತ್ತರಿಸಿದೆ. ನಿಮ್ಮನ್ನ ಕೇಳಬೇಕಿತ್ತು.” ಇಷ್ಟೇ ಮಾತು. ತಾಯಿ ಸ್ವಲ್ಪ ಹೊತ್ತಿನ ಮೇಲೆ, “ಬೆಳೀತಾವ ಬಿಡ್ರಿ” ಎಂದು ಚೀಲದಿಂದ ಬಾಚಣಿಗೆ ತೆಗೆದಳು. ಆ ಗಿಡ್ಡ ಕೂದಲಲ್ಲೇ ಎರಡು ಪುಟ್ಟ ಜುಟ್ಟು ಕಟ್ಟಿ ರಿಬ್ಬನ್ನು ಸುತ್ತಿದಳು. ಮಗು ನಕ್ಕಿತು. ಹೊರಗಿನ ತಿಂಡಿಗೆ ಅಲ್ಲಿ ಅವಕಾಶವಿರಲಿಲ್ಲ. ಕಾರ್ಯಕರ್ತೆ ಹಣ್ಣನ್ನು ತಾನೇ ತೊಳೆದು, ಒಂದನ್ನು ತಾನು ತಿಂದು ನೋಡಿ, ತಟ್ಟೆಯಲ್ಲಿಟ್ಟಳು. ಮೂವರೂ ತಿಂದರು. ಹೊರಡುವ ಹೊತ್ತಿಗೆ ಮಗು ಅವ್ವನ ಸೆರಗು ಹಿಡಿದು ಜೋರಾಗಿ ಅತ್ತಿತು.

ಇದೇ ಭೇಟಿಯ ವರದಿಯನ್ನು ಹೀಗೆ ಬರೆಯಬಹುದು: ‘ತಾಯಿಯು ಮಗುವಿನೊಂದಿಗೆ ಹೆಚ್ಚಿನ ಸಂವಹನ ನಡೆಸಲಿಲ್ಲ. ಸಾಕು ಕುಟುಂಬದ ಬಗ್ಗೆ ಅಸಮಾಧಾನ ವ್ಯಕ್ತಪಡಿಸಿದರು. ನಿಯಮಕ್ಕೆ ವಿರುದ್ಧವಾಗಿ ಹೊರಗಿನ ಆಹಾರ ತಂದಿದ್ದರು. ಭೇಟಿಯ ಕೊನೆಯಲ್ಲಿ ಮಗು ಅಶಾಂತವಾಯಿತು.’ ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ಆದರೆ ಈ ನಾಲ್ಕು ವಾಕ್ಯ ಓದಿದ ಯಾವ ಸಮಿತಿಯೂ ಮುಂದಿನ ಭೇಟಿಯನ್ನು ಹಿಂದು ಮುಂದು ನೋಡದೆ ಕೊಡಲಾರದು. ಮಕ್ಕಳ ಕಲ್ಯಾಣ ಸಮಿತಿ ಎಂದರೆ ಅಧ್ಯಕ್ಷರೂ ಸೇರಿ ಐದು ಜನ. ಅವರಿಗೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಅಧಿಕಾರವಿದೆ. ಅವರು ಆ ಕೋಣೆಯಲ್ಲಿ ಇರಲಿಲ್ಲ. ಅವರಿಗೆ ಕಣ್ಣೆಂದರೆ ಈ ಕಾಗದವೇ.

ಆ ಕಾರ್ಯಕರ್ತೆ ಬರೆದದ್ದು ಬೇರೆ ರೀತಿ. ಎಷ್ಟು ಗಂಟೆಗೆ ತಾಯಿ ಬಂದಳು, ಏನು ತಂದಳು, ಮಗಳ ಕೂದಲು ನೋಡಿ ಎಷ್ಟು ಹೊತ್ತು ಸುಮ್ಮನಿದ್ದಳು, ಆಗ ಅವಳ ಕೈ ಏನು ಮಾಡುತ್ತಿತ್ತು, ಯಾವ ಮಾತು ಕೇಳಿದಳು, ಸಾಕುತಾಯಿ ಏನು ಉತ್ತರಿಸಿದಳು, ಮಗು ಯಾವಾಗ ನಕ್ಕಿತು, ಯಾವಾಗ ಅತ್ತಿತು. ‘ಭಾವನೆ ಇಲ್ಲದವಳು’, ‘ಸಹಕಾರವಿಲ್ಲ’, ‘ಬಾಂಧವ್ಯ ದುರ್ಬಲ’ ಎಂಬ ತೀರ್ಪಿನ ಮಾತು ಒಂದೂ ಇರಲಿಲ್ಲ. ಕೊನೆಯಲ್ಲಿ ಒಂದು ಸಲಹೆ: ಕೂದಲು ಕತ್ತರಿಸುವುದು, ಕಿವಿ ಚುಚ್ಚಿಸುವುದು, ಶಾಲೆ ಬದಲಿಸುವುದು ಇಂಥ ವಿಷಯಗಳನ್ನು ಮೊದಲೇ ತಾಯಿಗೆ ತಿಳಿಸಬೇಕು. ಸಮಾಜಕಾರ್ಯದ ವಿದ್ಯಾರ್ಥಿಗಳಿಗೆ ನಾನು ವರದಿ ಬರೆಯಲು ಹೇಳಿಕೊಡುವಾಗ ಇದನ್ನೇ ಮಾದರಿಯಾಗಿ ಇಟ್ಟುಕೊಂಡೆ. ನೋಡಿದ್ದನ್ನು ಬರೆಯಿರಿ, ಕೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯಿರಿ, ಅರ್ಥ ಹಚ್ಚುವುದನ್ನು ಸಮಿತಿಗೆ ಬಿಡಿ.

ಇನ್ನು ಆ ಅಳುವಿನ ವಿಚಾರ. ನನ್ನ ಮುಖ್ಯ ಮಾತು ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಭೇಟಿಯ ಮರುದಿನ ಸಾಕು ಮನೆಯಿಂದ ಫೋನ್ ಬರುತ್ತದೆ. “ಅವರವ್ವ ಬಂದು ಹೋದ ಮ್ಯಾಲ ಎರಡ ದಿನ ಸರಿಯಾಗಿ ಉಣ್ಣೂದಿಲ್ರಿ. ರಾತ್ರಿ ಹಾಸಿಗ್ಯಾಗ ಉಚ್ಚಿ ಹೊಯ್ಕೊಂತಾಳ. ಆರಾಮ ಇದ್ದ ಕೂಸಿಗೆ ಸುಮ್ನ ಯಾಕ ತ್ರಾಸ?” ಇದನ್ನು ಹೇಳುವ ಹೆಣ್ಣುಮಗಳು ಕೆಟ್ಟವಳಲ್ಲ. ಹಾಸಿಗೆ ಒಗೆಯುವವಳು ಅವಳು, ರಾತ್ರಿ ಎದ್ದು ಸಮಾಧಾನ ಮಾಡುವವಳು ಅವಳು. ಅವಳ ಮಾತು ಕೇಳಿ ನಾವು ಭೇಟಿಯನ್ನು ಎರಡು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಮಾಡುತ್ತೇವೆ. ಮಗು ನಿಜಕ್ಕೂ ‘ಆರಾಮ’ ಆಗುತ್ತದೆ. ಅಳು ನಿಲ್ಲುತ್ತದೆ, ಊಟ ಸೇರುತ್ತದೆ. ನಾವು ಅದನ್ನು ‘ಮಗು ಹೊಂದಿಕೊಂಡಿದೆ’ ಎಂದು ಬರೆಯುತ್ತೇವೆ.

ಎಪ್ಪತ್ತು ವರ್ಷಗಳ ಹಿಂದೆ ಲಂಡನ್ನಿನ ಆಸ್ಪತ್ರೆಗಳೂ ಹೀಗೇ ಹೇಳುತ್ತಿದ್ದವು. ಮಕ್ಕಳ ವಾರ್ಡಿಗೆ ತಾಯಂದಿರನ್ನು ಬಿಡುತ್ತಿದ್ದುದು ಬಹಳ ಕಡಿಮೆ. ಬಂದರೆ ಮಕ್ಕಳು ಅಳುತ್ತವೆ, ಬರದಿದ್ದರೆ ಸುಮ್ಮನಿರುತ್ತವೆ ಎಂಬುದು ದಾದಿಯರ ಅನುಭವ. ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್ ಒಂದು ಸಣ್ಣ ಕ್ಯಾಮೆರಾ ಹಿಡಿದು, ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಒಂದು ಹುಡುಗಿಯನ್ನು ಚಿತ್ರೀಕರಿಸಿದರು. 1952ರಲ್ಲಿ ಆ ಚಿತ್ರ ತೋರಿಸಿದಾಗ ವೈದ್ಯರು ಸಿಟ್ಟಾದರು. ಮಗು ಮೊದಲು ಪ್ರತಿಭಟಿಸುತ್ತದೆ, ಆಮೇಲೆ ಹತಾಶವಾಗುತ್ತದೆ, ಕೊನೆಗೆ ಬಂಧವನ್ನೇ ಕಳಚಿಕೊಳ್ಳುತ್ತದೆ. ನೀವು ಹೊಂದಿಕೊಂಡಿತು ಅನ್ನುತ್ತಿರುವುದು ಈ ಎರಡನೆಯ, ಮೂರನೆಯ ಹಂತವನ್ನು ಎಂಬುದು ರಾಬರ್ಟ್‌ಸನ್ನರ ವಾದ. ಅದು ನಿಧಾನಕ್ಕೆ ಗೆದ್ದಿತು. 1959ರ ಪ್ಲ್ಯಾಟ್ ಸಮಿತಿ ಮಕ್ಕಳ ವಾರ್ಡಿನಲ್ಲಿ ಭೇಟಿಗೆ ಹೊತ್ತಿನ ಕಟ್ಟಳೆ ಇರಬಾರದೆಂದು ಶಿಫಾರಸು ಮಾಡಿತು. ಮುಂದೆ ಜೇಮ್ಸ್ ಮತ್ತು ಅವರ ಪತ್ನಿ ಜಾಯ್ಸ್, ತಾಯಿ ಆಸ್ಪತ್ರೆಗೆ ಹೋಗಬೇಕಾಗಿ ಬಂದ ನಾಲ್ಕು ಪುಟ್ಟ ಮಕ್ಕಳನ್ನು ಒಬ್ಬೊಬ್ಬರಾಗಿ ತಮ್ಮ ಮನೆಯಲ್ಲೇ ಸಾಕಿದರು. ಅವರ ಮನೆಯಲ್ಲಿ ತಾಯಿಯ ಮಾತನ್ನು ಮುಚ್ಚಿಡುತ್ತಿರಲಿಲ್ಲ, ತಾಯಿಯ ಫೋಟೋ ಕೈಗೆ ಸಿಗುವಂತಿತ್ತು, ತಂದೆ ಬಂದು ಹೋಗುತ್ತಿದ್ದ. ಆ ಮಕ್ಕಳೂ ಅತ್ತವು. ಆದರೆ ತಾಯಿ ಬಂದಾಗ ಅವಳ ಹತ್ತಿರ ಹೋದವು.

ರಾಬರ್ಟ್‌ಸನ್ ದಂಪತಿ ನೋಡಿದ್ದು ಕೆಲವೇ ದಿನಗಳ ಅಗಲಿಕೆ, ತೀರ ಪುಟ್ಟ ಮಕ್ಕಳದ್ದು. ನಮ್ಮ ಮಕ್ಕಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ದೂರ ಇರುವವರು. ಹಾಗಾಗಿ ಆ ಪಾಠ ನಮಗೆ ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ ಎಂದೇ ನನ್ನ ತಿಳುವಳಿಕೆ. ಭೇಟಿ ಮುಗಿದ ಮೇಲೆ ಬರುವ ಅಳು ಹೆಚ್ಚಾಗಿ ಅಗಲಿಕೆಯ ಅಳು. ಅದಕ್ಕೆ ಮದ್ದು ಭೇಟಿಯನ್ನು ಕಡಿಮೆ ಮಾಡುವುದಲ್ಲ. ಮುಂದಿನ ಭೇಟಿಯ ದಿನವನ್ನು ಮಗುವಿಗೆ ಕ್ಯಾಲೆಂಡರಿನಲ್ಲಿ ತೋರಿಸುವುದು, ಆ ಮಾತನ್ನು ತಪ್ಪದೆ ನಡೆಸುವುದು, ಅವ್ವನ ಒಂದು ಫೋಟೋ ದಿಂಬಿನ ಕೆಳಗೆ ಇರಲು ಬಿಡುವುದು. ಸಾಕುತಾಯಿಗೆ ಹಾಸಿಗೆಗೊಂದು ಪ್ಲಾಸ್ಟಿಕ್ ಹಾಳೆಯನ್ನೂ, ‘ಇದು ನಿಮ್ಮ ತಪ್ಪಲ್ಲ, ಎರಡು ದಿನ ಹೀಗೇ ಇರುತ್ತದೆ’ ಎಂದು ಹೇಳುವ ಒಂದು ಫೋನ್ ಕರೆಯನ್ನೂ ನಾವು ಕೊಡಬೇಕು.

ಇನ್ನೊಂದು ಬಗೆಯ ಅಳು ಇದೆ, ಅದನ್ನು ಗುರುತಿಸಲೇಬೇಕು. ಅದು ಭೇಟಿಗೆ ಮೊದಲು ಬರುತ್ತದೆ. ನಾಳೆ ಭೇಟಿ ಎಂದರೆ ಇಂದು ಸಂಜೆಯಿಂದ ಹೊಟ್ಟೆನೋವು. ಬಸ್ಸು ಹತ್ತುವುದಿಲ್ಲ ಎಂಬ ಹಟ. ಬಂದವರನ್ನು ಕಂಡ ಕೂಡಲೇ ಕುರ್ಚಿಯ ಹಿಂದೆ ಸರಿಯುವುದು, ಕೇಳಿದ್ದಕ್ಕೆಲ್ಲ ಹೂಂ ಎನ್ನುವುದು, ಆಮೇಲೆ ಅಳದೆ ಮರಗಟ್ಟಿ ಕೂರುವುದು. ಮನೆಯಲ್ಲಿ ಹೊಡೆತ ತಿಂದ, ಲೈಂಗಿಕ ದೌರ್ಜನ್ಯದ ಪೋಕ್ಸೊ ಪ್ರಕರಣದಲ್ಲಿ ಸಾಕ್ಷಿ ಹೇಳಬೇಕಾದ ಮಗುವಿನ ಎದುರು ಯಾರನ್ನು ತಂದು ಕೂರಿಸುತ್ತೇವೆ ಎಂಬುದರಲ್ಲಿ ಸಡಿಲ ಇರಬಾರದು. ಆರೋಪಿಯೇ ಬರಬೇಕೆಂದಿಲ್ಲ. ದೊಡ್ಡಮ್ಮನೋ ಸೋದರಮಾವನೋ ಚಾಕಲೇಟ್ ಹಿಡಿದು ಬಂದು, ‘ನೀ ಹಂಗ ಹೇಳಿದ್ರ ಅಪ್ಪಾ ಜೇಲಿನ್ಯಾಗ ಸಾಯ್ತಾನ’ ಎಂದು ಕಿವಿಯಲ್ಲಿ ಹೇಳಿದರೆ ಸಾಕು. ಅಂಥ ಕಡೆ ಭೇಟಿಯನ್ನು ನಿಲ್ಲಿಸಲೇಬೇಕು, ಕಾರಣ ಬರೆದೇ ನಿಲ್ಲಿಸಬೇಕು. ಮೇಲ್ವಿಚಾರಣೆ ಎಂದರೆ ಕಣ್ಣಿಗೆ ಕಾಣುವ ದೂರದಲ್ಲಿ ಕೂತು ಫೋನ್ ನೋಡುವುದಲ್ಲ. ಮಾತು ಕಿವಿಗೆ ಬೀಳುವ ಹತ್ತಿರ ಇರಬೇಕು.

ಮಾತು ಕಿವಿಗೆ ಬಿದ್ದರೂ ಅರ್ಥವಾಗಬೇಕಲ್ಲ? ಬೆಳಗಾವಿಯಲ್ಲಿ ನಿಂತು ಹೇಳಲೇಬೇಕಾದ ಸಂಗತಿ ಇದು. ಖಾನಾಪುರ ತಾಲ್ಲೂಕಿನ ಬಹಳಷ್ಟು ಮನೆಗಳ ಮಾತು ಮರಾಠಿ. ಕಾಡಿನ ಕಡೆಗೆ ಹೋದಂತೆ ಕೊಂಕಣಿ ಬೆರೆತ ಮಾತು ಕೇಳುತ್ತದೆ. ಮಗು ಇರುವ ಸಾಕು ಮನೆ, ಹೋಗುವ ಶಾಲೆ ಕನ್ನಡದ್ದಿರಬಹುದು. ಭೇಟಿಯ ಕೋಣೆಯಲ್ಲಿ ತಾಯಿ “ಜೇವಲೀಸ ಕಾ?” ಎಂದು ಶುರು ಮಾಡುತ್ತಾಳೆ, ಉಂಡೆಯಾ ಎಂದು. ಮೂಲೆಯಿಂದ ಆದೇಶ ಬರುತ್ತದೆ: “ಕನ್ನಡದಾಗ ಮಾತಾಡ್ರಿ, ನಮಗ ತಿಳೀಬೇಕಲ್ಲ.” ತಾಯಿಗೆ ಅಂಗಡಿ, ಆಸ್ಪತ್ರೆಯ ಕನ್ನಡ ಬರುತ್ತದೆ. ಮಗಳನ್ನು ಮುದ್ದು ಮಾಡುವ ಕನ್ನಡ ಬರುವುದಿಲ್ಲ. ಅವಳು ಊಟ ಆಯಿತಾ, ಶಾಲೆಗೆ ಹೋಗುತ್ತೀಯಾ ಎಂದು ಎರಡು ಪ್ರಶ್ನೆ ಕೇಳಿ ಸುಮ್ಮನಾಗುತ್ತಾಳೆ, ವರದಿಯಲ್ಲಿ ಮತ್ತೆ ‘ಹೆಚ್ಚಿನ ಸಂವಹನ ನಡೆಸಲಿಲ್ಲ’ ಎಂದು ಸೇರುತ್ತದೆ.

2021ರಿಂದ ಬರ್ಲಿನ್ನಿನಲ್ಲಿ ಸಾಕು ಆರೈಕೆಯಲ್ಲಿರುವ ಗುಜರಾತಿ ದಂಪತಿಯ ಕೂಸಿನ ಸುದ್ದಿ ನೀವೆಲ್ಲ ಓದಿದ್ದೀರಿ. ಆ ಮಗು ತನ್ನ ಭಾಷೆ, ತನ್ನ ಸಂಸ್ಕೃತಿಯಿಂದ ದೂರವಾಗುತ್ತಿದೆ ಎಂದು ನಮ್ಮ ವಿದೇಶಾಂಗ ಸಚಿವಾಲಯವೇ ಜರ್ಮನಿಗೆ ಹೇಳಿತು. ನಾವೂ ಕೊರಗಿದೆವು. ಅದೇ ಕೊರಗು ಇಲ್ಲಿಂದ ಒಂದು ತಾಸಿನ ದಾರಿಯ ಮಗುವಿನ ಬಗ್ಗೆಯೂ ಇರಬೇಕು. ನಾನು ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಕಲಿಸಿ ಬದುಕಿದವಳು. ಈ ನೆಲದಲ್ಲಿ ಕನ್ನಡ ಗ‌ಟ್ಟಿಯಾಗಿ ನಿಲ್ಲಬೇಕೆಂದು ಬಯಸುವವಳು. ಮಹಾರಾಷ್ಟ್ರ 2004ರಲ್ಲಿ ಹೂಡಿದ ಗಡಿ ದಾವೆ ಸುಪ್ರೀಂ ಕೋರ್ಟಿನಲ್ಲಿ ನಡೆಯಲಿ. ಚಾಪೆಯ ಮೇಲೆ ಕೂತ ತಾಯಿ ಮಗಳ ನಡುವೆ ಆ ದಾವೆ ಬರಬಾರದು. ಮರಾಠಿ ಬಲ್ಲ ಕಾರ್ಯಕರ್ತೆಯನ್ನು ಆ ಕುರ್ಚಿಯಲ್ಲಿ ಕೂರಿಸುವುದು ಮಗುವಿನ ರಕ್ಷಣೆಯ ದೃಷ್ಟಿಯಿಂದಲೂ ಬೇಕು. ಮರಾಠಿಯಲ್ಲಿ ಹಾಕಿದ ಬೆದರಿಕೆ ಮರಾಠಿ ಬಾರದವರ ಕಿವಿಗೆ ಮುದ್ದಿನ ಮಾತಿನಂತೆಯೇ ಕೇಳುತ್ತದೆ.

ಈಗ ದಾರಿಯ ವಿಷಯ. ಖಾನಾಪುರ ಪಟ್ಟಣದಿಂದ ಬೆಳಗಾವಿ ಸುಮಾರು 26 ಕಿಲೋಮೀಟರ್. ಅದು ಕಷ್ಟವಲ್ಲ, ಬಸ್ಸಿದೆ, ರೈಲಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆಯೂ ತಪ್ಪಿದೆ. ಈ ಒಂದು ಯೋಜನೆ ಎಷ್ಟು ಭೇಟಿಗಳನ್ನು ಉಳಿಸಿದೆ ಎಂದು ಯಾರಾದರೂ ಅಧ್ಯಯನ ಮಾಡಬೇಕು. ಕಷ್ಟ ಇರುವುದು ಖಾನಾಪುರಕ್ಕೆ ಬರುವವರೆಗೆ. ಭೀಮಗಡ ಅಭಯಾರಣ್ಯದೊಳಗಿನ ಗವಾಳಿ, ಕೃಷ್ಣಾಪುರ, ಆಮಗಾಂವಗಳಂಥ ಊರುಗಳಿಗೆ ಮಳೆಗಾಲದಲ್ಲಿ ರಸ್ತೆ ಎಂಬುದೇ ಇರುವುದಿಲ್ಲ. ಹೆಮ್ಮಡಗಾ ರಸ್ತೆಯಲ್ಲಿ ಹಾಲತ್ರಿ ಹಳ್ಳ ಸೇತುವೆಯ ಮೇಲೆ ಹರಿದರೆ ಆಚೆಯವರು ಆಚೆಗೇ. ವಿಡಿಯೊ ಕಾಲ್ ಮಾಡಿಸಿ ಎನ್ನುವವರಿಗೆ ಅಲ್ಲಿ ನೆಟ್‌ವರ್ಕ್ ಸಿಗುವ ಜಾಗವನ್ನು ತೋರಿಸಿಕೊಂಡು ಬರಬೇಕು. ಕೂಲಿಯವರಿಗೆ ಭೇಟಿ ಎಂದರೆ ಒಂದು ದಿನದ ದುಡಿಮೆ ಹೋಯಿತು ಎಂದೇ ಅರ್ಥ. 2024-25ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ತಿಂಗಳ ಭೇಟಿಗೆ ಆ 349 ಕೊಡಲು ಯಾವ ಲೆಕ್ಕ ಶೀರ್ಷಿಕೆಯೂ ಇಲ್ಲ.

ಭೇಟಿಯ ಪುಸ್ತಕದಲ್ಲಿ ಜುಲೈ, ಆಗಸ್ಟ್ ತಿಂಗಳ ಎದುರು ‘ಬಂದಿಲ್ಲ’ ಎಂದು ಬರೆಯುತ್ತೇವೆ. ಆ ಮೂರಕ್ಷರಕ್ಕೆ ಈಗ ತೂಕ ಹೆಚ್ಚಾಗಿದೆ. ದತ್ತು ಕೊಡಬಹುದಾದ ಮಕ್ಕಳನ್ನು ಗುರುತಿಸುವಾಗ ಅನಾಥರು, ಬಿಟ್ಟುಹೋದವರು, ಒಪ್ಪಿಸಿದವರು ಎಂಬ ಹಳೆಯ ವರ್ಗಗಳ ಜೊತೆಗೆ ‘ಯಾರೂ ಭೇಟಿಗೆ ಬರದ ಮಕ್ಕಳು’ ಎಂಬ ವರ್ಗವನ್ನೂ ಸರ್ಕಾರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದೆ. 2024ರ ಮಾದರಿ ಪೋಷಕತ್ವ ಮಾರ್ಗಸೂಚಿಗಳು ಸಾಕು ಮನೆಯವರು ಅದೇ ಮಗುವನ್ನು ದತ್ತು ಪಡೆಯಲು ಕಾಯಬೇಕಾದ ಅವಧಿಯನ್ನು ಐದು ವರ್ಷದಿಂದ ಎರಡಕ್ಕೆ ಇಳಿಸಿವೆ. ನಿಜಕ್ಕೂ ಯಾರೂ ಇಲ್ಲದ ಮಗುವಿಗೆ ಇದು ಒಳ್ಳೆಯದೇ. ಆದರೆ ಬರಲಾಗದವರನ್ನೂ ಬರಲೊಲ್ಲದವರನ್ನೂ ಒಂದೇ ಕಾಲಮಿನಲ್ಲಿ ಬರೆದರೆ, ಹಳ್ಳ ತುಂಬಿ ಹರಿದದ್ದಕ್ಕೆ ಒಬ್ಬ ತಾಯಿ ಮಗಳನ್ನು ಕಳೆದುಕೊಳ್ಳುವಂತಾದೀತು. ‘ಬಂದಿಲ್ಲ’ ಎಂದು ಬರೆದವರು ಅದರ ಪಕ್ಕದಲ್ಲಿ ‘ಏಕೆ’ ಎಂಬುದನ್ನೂ, ‘ನಾವೇನು ಮಾಡಿದೆವು’ ಎಂಬುದನ್ನೂ ಬರೆಯಲೇಬೇಕೆಂದು ಸಮಿತಿ ಆದೇಶಿಸಲಿ.

ಸಿಬ್ಬಂದಿಯ ಮೇಲೆ ನಾನು ಕೋಪಗೊಂಡಿಲ್ಲ. 2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47.79 ಲಕ್ಷ, ವಿಸ್ತಾರ 13 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಮಿಷನ್ ವಾತ್ಸಲ್ಯದ ಮಾದರಿಯಲ್ಲಿ ಒಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಇಬ್ಬರು ಸಮಾಜ ಕಾರ್ಯಕರ್ತರು, ಇಬ್ಬರು ಔಟ್‌ರೀಚ್ ಕಾರ್ಯಕರ್ತರು, ಒಬ್ಬ ಆಪ್ತ ಸಮಾಲೋಚಕರು. ಅಥಣಿಯಿಂದ ಲೋಂಡಾದವರೆಗೆ ಓಡಾಡುವ ಈ ಐವರೇ ಪ್ರತಿ ಭೇಟಿಯಲ್ಲೂ ಕೂರಬೇಕೆಂದರೆ ತಿಂಗಳಿಗೊಂದು ಭೇಟಿಯೂ ದೊಡ್ಡ ಮಾತೇ. ಆದ್ದರಿಂದ ಭೇಟಿಗಳನ್ನು ಬೆಳಗಾವಿಗೆ ಎಳೆಯುವ ಬದಲು ಖಾನಾಪುರದಲ್ಲೇ ನಡೆಸೋಣ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಮಕ್ಕಳ ಪುಸ್ತಕವಿದೆ, ಕೂರಲು ಜಾಗವಿದೆ. ಜಾಂಬೋಟಿ, ನಂದಗಡದಂಥ ಕಡೆ ಭಾನುವಾರ ಒಂದು ಅರಿವು ಕೇಂದ್ರದ ಕೋಣೆ ಭೇಟಿಗೆ ಸಿಕ್ಕರೆ ತಾಯಿಗೆ ಅರ್ಧ ದಾರಿ, ಮಗುವಿಗೆ ಅರ್ಧ ದಾರಿ. ಸಂಗೊಳ್ಳಿ ರಾಯಣ್ಣನ ಸಮಾಧಿ ನೋಡಲು ನಂದಗಡಕ್ಕೆ ಬಸ್ಸುಗಟ್ಟಲೆ ಹೋಗುವ ನಾವು ಒಂದು ಮಗುವನ್ನು ಅಲ್ಲಿಗೆ ಕರೆದೊಯ್ಯಲಾರೆವೇ? ನಮ್ಮ ಊರಿನ ಸಮಾಜಕಾರ್ಯದ (ಎಂ.ಎಸ್.ಡಬ್ಲ್ಯೂ.) ವಿದ್ಯಾರ್ಥಿಗಳಿಗೆ ಪೊಲೀಸ್ ಪರಿಶೀಲನೆ ಮಾಡಿಸಿ, ತರಬೇತಿ ಕೊಟ್ಟು, ಘಟಕದ ಅಧಿಕಾರಿಯ ಹೊಣೆಯಲ್ಲಿ ಈ ಕುರ್ಚಿಯಲ್ಲಿ ಕೂರಿಸಬಹುದು. ಮರಾಠಿ, ಕನ್ನಡ ಎರಡೂ ಬಲ್ಲ ಮಕ್ಕಳು ಆ ತರಗತಿಗಳಲ್ಲಿ ಎಷ್ಟು ಬೇಕಾದರೂ ಇದ್ದಾರೆ.

ಭೇಟಿ ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟಿನಲ್ಲೇ ಒಂದು ದಾರಿದೀಪ ಇದೆ. ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ 2006ರಲ್ಲಿ ನ್ಯಾಯಾಲಯ ಹೇಳಿತು: ಜೈಲಿನಲ್ಲಿರುವ ತಾಯಿಯ ಜೊತೆ ಮಗು ಆರು ವರ್ಷದವರೆಗೆ ಇರಬಹುದು, ಆಮೇಲೆ ಹೊರಗಿನ ಮನೆಯಲ್ಲಿ ಇರಿಸಿದರೆ ವಾರಕ್ಕೊಮ್ಮೆಯಾದರೂ ತಾಯಿಯನ್ನು ಕಾಣಿಸಬೇಕು. ಹಿಂಡಲಗಾ ಜೈಲಿನಲ್ಲಿರುವ ತಾಯಿಯ ಮಗುವಿಗೆ ವಾರಕ್ಕೊಮ್ಮೆ ಎಂದಾದರೆ, ಯಾವ ಅಪರಾಧವನ್ನೂ ಮಾಡದೆ ಕಾಯಿಲೆ ಬಿದ್ದ ತಾಯಿಯ ಮಗುವಿಗೆ ತಿಂಗಳಿಗೊಮ್ಮೆ ಎಂಬ ರೂಢಿ ಎಲ್ಲಿಯ ನ್ಯಾಯ? ಯಶಿತಾ ಸಾಹು ಪ್ರಕರಣದಲ್ಲಿ, 2020ರಲ್ಲಿ, ದಂಪತಿಯ ಜಗಳದಲ್ಲಿ ಸಿಕ್ಕ ಮಗುವಿಗೆ ಭೇಟಿಯಷ್ಟೇ ಸಾಲದು, ದೂರವಿರುವ ತಂದೆ ಅಥವಾ ತಾಯಿಯೊಡನೆ ಫೋನು, ವಿಡಿಯೊ ಮೂಲಕ ಸಂಪರ್ಕದ ಹಕ್ಕೂ ಬೇಕೆಂದು ಅದೇ ನ್ಯಾಯಾಲಯ ಹೇಳಿತು. ಆ ಮಾತು ವಕೀಲರನ್ನಿಡಲು ಶಕ್ತರಾದ ಮನೆಗಳ ಮಕ್ಕಳಿಗೆ ಮಾತ್ರ ಉಳಿಯಬಾರದು.

ಅಣ್ಣ ತಂಗಿಯರನ್ನು ಬೇರೆ ಬೇರೆ ಮನೆಯಲ್ಲಿಟ್ಟಾಗ ಅವರಿಗೂ ಭೇಟಿ ಬೇಕು. ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಒಡಹುಟ್ಟಿದವರನ್ನು ಸಾಧ್ಯವಾದಷ್ಟು ಒಟ್ಟಿಗೆ ಇಡಿ ಎಂದು 44ನೇ ಕಲಮೇ ಹೇಳುತ್ತದೆ.

ಕೊನೆಯದಾಗಿ ಸಾಕುತಾಯಿಯ ಪರವಾಗಿ ಒಂದು ಮಾತು. ಮಗು ಹಾಗೂ ಅದರ ಹೆತ್ತ ಮನೆಯ ಸಂಪರ್ಕಕ್ಕೆ ಬೆಂಬಲ ಕೊಡುವುದು ಸಾಕು ಮನೆಯ ಕರ್ತವ್ಯ ಎಂದು 2016ರ ಬಾಲನ್ಯಾಯ ಮಾದರಿ ನಿಯಮಗಳು ಹೇಳುತ್ತವೆ. ಅವಳು ಅದನ್ನು ಪಾಲಿಸುತ್ತಾಳೆ. ಜಗಲಿಯಲ್ಲಿ ಕೂತು ಕಾಯುತ್ತಾಳೆ, ಭೇಟಿಯ ನಂತರದ ರಾತ್ರಿಗಳನ್ನು ತಾನೇ ನಿಭಾಯಿಸುತ್ತಾಳೆ. ತಾಯಿ ಗುಣವಾಗಿ, ಸಮಿತಿ ಆದೇಶ ಮಾಡಿ, ಮಗು ಖಾನಾಪುರದ ಬಸ್ಸು ಹತ್ತಿದ ದಿನ ಅವಳ ಕಡತ ಮುಚ್ಚುತ್ತದೆ. ಮರುದಿನದಿಂದ ಆ ಮಗುವಿನ ಭೇಟಿ ಅವಳಿಗಿಲ್ಲ. ಎರಡು ವರ್ಷ ಕಾಕು ಎಂದು ಕರೆದ ಮಗುವಿಗೂ ಕಾಕು ಒಂದೇ ದಿನದಲ್ಲಿ ಇಲ್ಲವಾಗುತ್ತಾಳೆ. ಮೊದಲ ಅಗಲಿಕೆಯಿಂದ ಮಗುವನ್ನು ಕಾಪಾಡಲು ಇಷ್ಟೆಲ್ಲ ಮಾಡಿದ ನಾವು ಎರಡನೆಯದನ್ನು ನಾವೇ ತಂದು ಹಾಕುತ್ತೇವೆ. ಹೆತ್ತ ತಾಯಿ ಒಪ್ಪಿದರೆ, ಮೊದಲ ಆರು ತಿಂಗಳು ಸಾಕುತಾಯಿ ತಿಂಗಳಿಗೊಮ್ಮೆ ಮಗುವನ್ನು ಹೋಗಿ ನೋಡಬಹುದು ಎಂಬ ಒಂದು ಸಾಲನ್ನು ಮರಳಿ ಒಪ್ಪಿಸುವ ಆದೇಶದಲ್ಲಿ ಸೇರಿಸಲು ಸಮಿತಿಗೆ ಕಾನೂನಿನ ಅಡ್ಡಿ ಇಲ್ಲ. ಹೋಗಿ ಬರುವ ಖರ್ಚೂ ಶಕ್ತಿ ಯೋಜನೆಯ ಬಸ್ಸಿನಲ್ಲಿ ಶೂನ್ಯ. ಮಕ್ಕಳ ಕಲ್ಯಾಣದ ಕೆಲಸದಲ್ಲಿರುವವರು ಈ ಸಭೆಯಲ್ಲಿ ಹಲವರಿದ್ದೀರಿ. ನೀವು ಮುಂದೆ ಬರೆಯುವ ಅಥವಾ ಬರೆಸುವ ಆದೇಶದಲ್ಲೇ ಆ ಸಾಲು ಇರಲಿ ಎಂದು ಕೇಳಿಕೊಳ್ಳುತ್ತೇನೆ.